ರೋಗ್ ಕೈಯಲ್ಲಿ +13: ಸ್ಕಿಲ್ ಮಿತಿ ಕೆಟ್ಟಿದೆ ಅನ್ನಿಸಿದಾಗ ಎಲ್ಲೆಲ್ಲಿ ನೋಡಬೇಕು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಥರದ ಪಾತ್ರ ವಹಿಸುವ ಆಟದಲ್ಲಿ ಒಂದೇ ಕ್ಯಾಂಪೇನನ್ನು (ಮುಂದುವರಿಯುವ ಕಥೆಯನ್ನು) ಆರೇಳು ತಿಂಗಳು ಆಡಿಸಿದ ಡಿಎಂ, ಅಂದರೆ ಆಟ ನಡೆಸುವವನ, ಬಾಯಲ್ಲಿ ಈ ದೂರು ಬಂದೇ ಬರುತ್ತದೆ: "ಅವನ ಸ್ಟೆಲ್ತ್ ಕೈ ಮೀರಿ ಹೋಗಿದೆ ಗುರು, ಏನಾದ್ರೂ ಮಾಡ್ಬೇಕು." 'ಅವನು' ಅಂದರೆ ರೋಗ್, ಕಳ್ಳನಂಥ ಪಾತ್ರ; ಸ್ಟೆಲ್ತ್ ಅಂದರೆ ಸದ್ದಿಲ್ಲದೆ ನುಸುಳುವ ಸ್ಕಿಲ್. ಆ 'ಏನಾದ್ರೂ' ಅಂದರೆ ಸಾಮಾನ್ಯವಾಗಿ ಕ್ಯಾರೆಕ್ಟರ್ ಶೀಟಿಗೆ, ಅಂದರೆ ಪಾತ್ರದ ಅಂಕಿಗಳ ಪಟ್ಟಿಗೆ, ಕತ್ತರಿ. ನಾನೂ ಹಾಕಿದ್ದೆ. ಯಾರ ಸ್ಕಿಲ್ ಬೋನಸ್ಸೂ +10 ದಾಟಬಾರದು ಅಂತ ಮನೆ ನಿಯಮ ಮಾಡಿದೆ. ರೋಗ್ ಆಡುವವನು, "ಹಾಗಾದ್ರೆ ನಾನು ಎಕ್ಸ್‌ಪರ್ಟೀಸ್ ತಗೊಂಡಿದ್ದು ಯಾಕೆ?" ಅಂತ ಒಂದೇ ಮಾತು ಕೇಳಿ ಸುಮ್ಮನಾದ. (ಎಕ್ಸ್‌ಪರ್ಟೀಸ್ ಅಂದರೆ ಆರಿಸಿಕೊಂಡ ಸ್ಕಿಲ್‌ನಲ್ಲಿ ವಿಶೇಷ ಪರಿಣತಿ.) ಯಾರಿಗಾಗಿ ಆ ನಿಯಮ ತಂದೆನೋ ಆ ಫೈಟರ್ (ಕವಚ ತೊಟ್ಟ ಯೋಧ) ಆಡುವವನು ಮಾತ್ರ ಮುಂದಿನ ಭಾನುವಾರವೂ ಗೋದಾಮಿನ ಬಾಗಿಲಲ್ಲಿ ಅದೇ ಮಾತು ಹೇಳಿದ: "ನೀವು ಹೋಗ್ಬನ್ನಿ, ನಾನು ಹೊರಗೇ ಇರ್ತೀನಿ." ಒಬ್ಬನನ್ನು ಇಳಿಸಿದ್ದೆ, ಇನ್ನೊಬ್ಬ ಏರಿರಲಿಲ್ಲ. ಎರಡು ವಾರಕ್ಕೆ ನಿಯಮ ವಾಪಸ್ ತಗೊಂಡೆ.

ಆಮೇಲೆ ದೋಷ ಎಲ್ಲಿದೆ ಅಂತ ಕೂತು ಹುಡುಕಿದ್ದರ ಕ್ರಮ ಇದು. ಇಟ್ಟುಕೊಂಡಿರುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 5ನೇ ಆವೃತ್ತಿ, 2014ರ ನಿಯಮಗಳು. 2024ರ ಪುಸ್ತಕದಲ್ಲಿ ಬೇರೆಯಾದದ್ದು ಬಂದ ಕಡೆ ಹೇಳುತ್ತೇನೆ. ಹೊಸಬರಿಗೆ ಇಷ್ಟು ಸಾಕು: ಇಪ್ಪತ್ತು ಮುಖದ ದಾಳ (ಡಿ20) ಹಾಕಿ, ಅದಕ್ಕೆ ನಿಮ್ಮ ಬೋನಸ್ ಕೂಡಿಸಿ, ಡಿಎಂ ಮನಸ್ಸಿನಲ್ಲಿಟ್ಟ ಅಂಕಿಯನ್ನು ಮುಟ್ಟಬೇಕು. ಆ ಅಂಕಿಯೇ ಡಿಸಿ. ನಮ್ಮ ಚೌಕಾಬಾರದಲ್ಲಿ ಕವಡೆ ಎಲ್ಲರಿಗೂ ಒಂದೇ. ಇಲ್ಲಿ ಒಬ್ಬ ಬರಿಗೈಯಲ್ಲಿ ಬರುತ್ತಾನೆ, ಇನ್ನೊಬ್ಬ 13 ಮನೆ ಮುಂದೆ ನಿಂತು ಆಟ ಶುರುಮಾಡುತ್ತಾನೆ. ಜಗಳ ಹುಟ್ಟುವುದು ಅಲ್ಲಿಂದ.

ಮೊದಲು ಬರೆದಿಟ್ಟುಕೊಳ್ಳಿ

ನೆನಪಿನ ಮೇಲೆ ತೀರ್ಪು ಕೊಡಬೇಡಿ. ರೋಗ್ ಸಲೀಸಾಗಿ ನುಸುಳಿದ್ದು ಡಿಎಂ ತಲೆಯಲ್ಲಿ ಮುಳ್ಳಿನಂತೆ ಉಳಿಯುತ್ತದೆ, ಸೋತದ್ದು ಮರೆತುಹೋಗುತ್ತದೆ. ಎರಡು ಸೆಷನ್ ಮಟ್ಟಿಗೆ ಒಂದು ಹಾಳೆಯಲ್ಲಿ ಪ್ರತಿ ಸ್ಕಿಲ್ ದಾಳಕ್ಕೂ ಒಂದು ಸಾಲು ಬರೆಯಿರಿ: ಯಾರು ಹಾಕಿದರು, ಯಾವ ಸ್ಕಿಲ್, ಬೋನಸ್ ಎಷ್ಟು, ಡಿಸಿ ಎಷ್ಟು, ಗೆದ್ದರೋ ಸೋತರೋ. ಇನ್ನೊಂದು ಕಾಲಂ ಬೇಕೇ ಬೇಕು: ಆ ಹೊತ್ತಿನಲ್ಲಿ ಯಾರು ದಾಳ ಮುಟ್ಟಲೇ ಇಲ್ಲ. ನಿಜವಾದ ಕಾಯಿಲೆ ಕಾಣುವುದು ಈ ಕಡೆಯ ಕಾಲಂನಲ್ಲಿ. ಪರಿಣತ ಸೋಲುವುದೇ ಇಲ್ಲ ಅನ್ನುವುದು ಒಂದು ದೂರು, ಉಳಿದವರು ಪ್ರಯತ್ನವನ್ನೇ ಬಿಟ್ಟಿದ್ದಾರೆ ಅನ್ನುವುದು ಇನ್ನೊಂದು. ಕೇಳಿಸುವಾಗ ಎರಡೂ ಒಂದೇ ಥರ ಇರುತ್ತವೆ, ಮದ್ದು ಮಾತ್ರ ಬೇರೆ ಬೇರೆ. ಮೊದಲನೆಯದು ಒಂದೊಂದು ಸಲ ದೋಷವೇ ಅಲ್ಲ.

ಡಿಸಿ ಬೋನಸ್ಸಿನ ಹಿಂದೆ ಓಡುತ್ತಿದೆಯೇ?

ನನ್ನ ಹಾಳೆಯಲ್ಲಿ ಸಿಕ್ಕ ಕಳ್ಳ ಇದೇ, ಮತ್ತು ಆ ಕಳ್ಳ ನಾನೇ.

ರೋಗ್ ಒಂದನೇ ಲೆವೆಲ್‌ನಲ್ಲಿ ಡೆಕ್ಸ್ (ಚುರುಕುತನದ ಅಂಕಿ) 16ರಿಂದ +3, ಎಕ್ಸ್‌ಪರ್ಟೀಸ್ ಇದ್ದುದರಿಂದ ಪ್ರೊಫಿಷಿಯನ್ಸಿ (ಕಲಿತ ಸ್ಕಿಲ್‌ಗೆ ಸಿಗುವ ಬೋನಸ್) ದುಪ್ಪಟ್ಟಾಗಿ +4, ಒಟ್ಟು +7. ಡಿಸಿ 15ಕ್ಕೆ ದಾಳದಲ್ಲಿ 8 ಬೇಕು, ಅಂದರೆ 65% ಸಲ ಗೆಲುವು. ಒಂಬತ್ತನೇ ಲೆವೆಲ್‌ಗೆ ಬರುವಾಗ ಡೆಕ್ಸ್ 20ರಿಂದ +5, ಪ್ರೊಫಿಷಿಯನ್ಸಿ ನಾಲ್ಕರ ದುಪ್ಪಟ್ಟು ಎಂಟು, ಒಟ್ಟು +13. ಅದೇ ಡಿಸಿ 15ಕ್ಕೆ ಈಗ 2 ಬಿದ್ದರೂ ಸಾಕು, 95%. ಇದನ್ನು ಕಂಡು ಹೊಟ್ಟೆ ಚುರುಕ್ ಅಂದು, ಕಾವಲುಗಾರರ ಕಿವಿಯನ್ನು ನಾನು ನಿಧಾನಕ್ಕೆ ಚುರುಕು ಮಾಡುತ್ತಾ ಬಂದೆ. ಹಾಳೆ ನೋಡಿದರೆ, ಒಂದು ಮಾಮೂಲಿ ಧಾನ್ಯದ ಗೋದಾಮಿನ ಕಾವಲಿಗೆ ನಾನು ಇಟ್ಟ ಅಂಕಿ 22. ಎದುರಾಳಿಗಳ ಪುಸ್ತಕ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ಸಾದಾ ಗಾರ್ಡ್‌ನ ಪ್ಯಾಸಿವ್ ಪರ್ಸೆಪ್ಷನ್, ಅಂದರೆ ದಾಳ ಹಾಕದೆಯೇ ಗಮನಿಸುವ ಅಂಕಿ, 12. ಪಳಗಿದ ಯೋಧ ವೆಟರನ್‌ಗೂ ಅಷ್ಟೇ.

22 ಇಟ್ಟದ್ದರಿಂದ ಏನಾಯಿತು? ರೋಗ್‌ಗೆ ಈಗ 9 ಬೇಕು, ಗೆಲುವು 60%. ಒಂದನೇ ಲೆವೆಲ್‌ನಲ್ಲಿ ಇದ್ದುದಕ್ಕಿಂತಲೂ ಒಂದು ಕೂದಲು ಕಡಿಮೆ. ಎಂಟು ಲೆವೆಲ್ ಬೆಳೆದದ್ದನ್ನು ಅವನಿಗೆ ಗೊತ್ತಾಗದ ಹಾಗೆ ಕಿತ್ತುಕೊಂಡಿದ್ದೆ. +2 ಇದ್ದ ವಿಝರ್ಡ್‌ಗೆ (ಮಾಂತ್ರಿಕನಿಗೆ) ದಾಳದಲ್ಲಿ 20 ಅಂಕಿಯೇ ಬೀಳಬೇಕು. ಫೈಟರ್‌ಗೆ ಬೋನಸ್ ಸೊನ್ನೆ, 20 ಬಿದ್ದರೂ ಆಗುವುದಿಲ್ಲ. ಪುಸ್ತಕದ 12 ಉಳಿಸಿಕೊಂಡಿದ್ದರೆ ವಿಝರ್ಡ್ ಅರ್ಧದಷ್ಟು ಸಲ ನುಸುಳುತ್ತಿದ್ದ. ಫೈಟರ್ ಹೊರಗೆ ನಿಂತದ್ದು ರೋಗ್‌ನ +13ರಿಂದ ಅಲ್ಲ, ನನ್ನ 22ರಿಂದ.

ಪರೀಕ್ಷೆ ಸುಲಭ. ಹಾಳೆಯ ಪ್ರತಿ ಡಿಸಿಯ ಪಕ್ಕ, ಆ ಅಂಕಿ ಯಾಕೆ ಅಂತ ಕಥೆಯೊಳಗಿನ ಕಾರಣ ಒಂದು ಬರೆಯಿರಿ. 'ಬೀಗ ಕುಬ್ಜರ ಕೈಕೆಲಸ', 'ಗೋಡೆ ಮಳೆಯಲ್ಲಿ ನೆನೆದು ಪಾಚಿ ಕಟ್ಟಿದೆ', ಹೀಗೆ. ಬರೆಯಲು ತೋಚುವ ಕಾರಣ 'ರೋಗ್ ಇದ್ದಾನೆ' ಅನ್ನುವುದೊಂದೇ ಆದರೆ ದೋಷ ಸಿಕ್ಕಿತು. ಪುಸ್ತಕದ ಅಳತೆ ಐದರ ಮಗ್ಗಿ: 5 ತೀರಾ ಸುಲಭ, 10 ಸುಲಭ, 15 ಮಧ್ಯಮ, 20 ಕಷ್ಟ, 25 ಬಹಳ ಕಷ್ಟ, 30 ಹೆಚ್ಚುಕಡಿಮೆ ಅಸಾಧ್ಯ. ಇದು ಜಗತ್ತಿನ ಅಳತೆ, ಆಟಗಾರನದ್ದಲ್ಲ. ಒಂಬತ್ತನೇ ಲೆವೆಲ್‌ನ ವೀರರಿಗೆ 25ರ ಬೀಗ ಬೇಕಿದ್ದರೆ ಅವರನ್ನು ಅಂಥ ಬೀಗ ಇರುವ ಊರಿಗೆ ಕರೆದುಕೊಂಡು ಹೋಗಿ. ಹಳ್ಳಿಯ ಉಗ್ರಾಣಕ್ಕೆ ಯಾರೂ 25ರ ಬೀಗ ಹಾಕುವುದಿಲ್ಲ.

ಎಲ್ಲರೂ ಗೆಲ್ಲಲೇಬೇಕಾದ ದಾಳ

ಇದು ಎರಡನೇ ದೊಡ್ಡ ಜಾಗ. ಐವರ ತಂಡ ಒಟ್ಟಿಗೆ ಕದ್ದು ಹೋಗುತ್ತಿದೆ, ಡಿಸಿ 15. ರೋಗ್ +13, ರೇಂಜರ್ (ಕಾಡಿನ ಬೇಟೆಗಾರ) +8, ವಿಝರ್ಡ್ +2, ಕ್ಲೆರಿಕ್ (ಪೂಜಾರಿ) +1, ಪ್ಲೇಟ್ ಕವಚದ ಫೈಟರ್ 0. ಆ ಕವಚಕ್ಕೆ ಡಿಸ್‌ಅಡ್ವಾಂಟೇಜ್ ಬೇರೆ, ಎರಡು ದಾಳ ಹಾಕಿ ಕಡಿಮೆ ಬಿದ್ದದ್ದನ್ನು ತಗೋಬೇಕು. ಒಬ್ಬೊಬ್ಬರ ಗೆಲುವು ಕ್ರಮವಾಗಿ 95, 70, 40, 35 ಮತ್ತು 9%. ಒಬ್ಬ ಸೋತರೂ ಎಲ್ಲರೂ ಸಿಕ್ಕಿಬಿದ್ದರು ಅನ್ನುವ ಡಿಎಂ ಬಳಿ ಈ ತಂಡ ಪಾರಾಗುವ ಸಂಭವ 1%ಗಿಂತ ಕಡಿಮೆ. ಎರಡು ಸಲ ಹೀಗಾದರೆ ಮೂರನೇ ಸಲ ತಂಡವೇ ತೀರ್ಮಾನ ಮಾಡುತ್ತದೆ: ರೋಗ್ ಒಬ್ಬನೇ ಹೋಗಲಿ. ನಾಲ್ಕು ಜನ ನಲವತ್ತು ನಿಮಿಷ ಫೋನ್ ನೋಡುತ್ತಾ ಚುರುಮುರಿ ಖಾಲಿ ಮಾಡುತ್ತಾರೆ. ಆಗ ಡಿಎಂಗೆ ರೋಗ್‌ನ ಮಿತಿ ಜಾಸ್ತಿಯಾಯಿತು ಅನ್ನಿಸುತ್ತದೆ!

ಮದ್ದು ಪುಸ್ತಕದಲ್ಲೇ ಇದೆ: ಗ್ರೂಪ್ ಚೆಕ್. ಎಲ್ಲರೂ ದಾಳ ಹಾಕುತ್ತಾರೆ, ಕನಿಷ್ಠ ಅರ್ಧ ಜನ ಗೆದ್ದರೆ ತಂಡವೇ ಗೆದ್ದಂತೆ. ಇದೇ ಐವರಿಗೆ, ಅಂದರೆ ಮೂವರು ಗೆದ್ದರೆ ಸಾಕು ಅಂದಾಗ, ಸಂಭವ 1%ರ ಕೆಳಗಿನಿಂದ ಸುಮಾರು 49%ಗೆ ಏರುತ್ತದೆ. ಒಬ್ಬರ ಶೀಟನ್ನೂ ಮುಟ್ಟಲಿಲ್ಲ. ಇದರ ಮೇಲೆ ರೇಂಜರ್ 'ಪಾಸ್ ವಿದೌಟ್ ಟ್ರೇಸ್' ಮಂತ್ರ ಹಾಕಿ ಎಲ್ಲರಿಗೂ +10 ಕೊಟ್ಟರೆ 99% ಮುಟ್ಟುತ್ತದೆ. ಹಾಗಾಗುವುದು ಸರಿಯೇ. ಆ ಮಂತ್ರಕ್ಕೆ ಎರಡನೇ ಹಂತದ ಸ್ಪೆಲ್ ಸ್ಲಾಟ್ (ಎಣಿಸಿ ಕೊಟ್ಟ ಮಂತ್ರಶಕ್ತಿಯ ಪಾಲು) ಖರ್ಚು, ಜೊತೆಗೆ ಏಕಾಗ್ರತೆಯೂ ಬೇಕು, ಬೇರೆ ಏಕಾಗ್ರತೆಯ ಮಂತ್ರ ಹಿಡಿದಿಡಲಾಗದು. ದುಡ್ಡು ಕೊಟ್ಟು ಕೊಂಡ ಗೆಲುವಿಗೆ ಡಿಎಂ ಮುಖ ಗಂಟಿಕ್ಕಬಾರದು.

ಅಂತರ ನಿಜವಾಗಿ ಕೈ ಮೀರಿದೆಯೇ ಅಂತ ತಿಳಿಯಲು ಒಂದೇ ಲೆಕ್ಕ: ತಂಡದ ಅತಿ ಹೆಚ್ಚಿನ ಬೋನಸ್ಸಿನಿಂದ ಅತಿ ಕಡಿಮೆಯದನ್ನು ಕಳೆಯಿರಿ. ಉಳಿದದ್ದು 18ನ್ನು ದಾಟಿದರೆ ಇಬ್ಬರಿಗೂ ಒಪ್ಪುವ ಡಿಸಿ ಭೂಮಿಯ ಮೇಲೆ ಇಲ್ಲ. ಒಬ್ಬ ಸೋಲುವ ಸಾಧ್ಯತೆಯಾದರೂ ಇರುವ ಅಂಕಿಯನ್ನು ಇನ್ನೊಬ್ಬ ಮುಟ್ಟಲೇ ಆಗದು, ದಾಳ ಬರೀ ಅಲಂಕಾರ. 2000ರಲ್ಲಿ ಬಂದ 3ನೇ ಆವೃತ್ತಿ ಮತ್ತು ಅದರ 2003ರ ಪರಿಷ್ಕರಣೆ ಆಡಿದವರಿಗೆ ಇದು ಗೊತ್ತು. ಅಲ್ಲಿ ತನ್ನ ಕ್ಲಾಸಿನ (ರೋಗ್, ಫೈಟರ್ ಥರದ ಪಾತ್ರವರ್ಗದ) ಸ್ಕಿಲ್‌ಗೆ ಹಾಕುವ ಪಾಯಿಂಟ್‌ಗಳ ಮಿತಿ ಲೆವೆಲ್ ಕೂಡಿಸು ಮೂರು, ಹೊರಗಿನ ಸ್ಕಿಲ್‌ಗೆ ಅದರ ಅರ್ಧ. ಒಂದನೇ ಲೆವೆಲ್‌ನಲ್ಲಿ 4ಕ್ಕೆ 2, ಅಂತರ ಗೊತ್ತೇ ಆಗದು. ಇಪ್ಪತ್ತನೇ ಲೆವೆಲ್‌ನಲ್ಲಿ 23ಕ್ಕೆ ಹನ್ನೊಂದೂವರೆ. ಪಾಯಿಂಟ್ ಹಾಕದವನಿಗೆ ಸೊನ್ನೆ. ಹತ್ತನೇ ಲೆವೆಲ್‌ನ ಕಳ್ಳನಿಗೆ 13 ರ್‍ಯಾಂಕ್, ಡೆಕ್ಸ್ 5, ಎಲ್ವನ್ ನಿಲುವಂಗಿಯಿಂದ 5 ಸೇರಿ ಅಡಗಲು +23. ಪಕ್ಕದಲ್ಲಿ ಫುಲ್ ಪ್ಲೇಟ್ ತೊಟ್ಟವನಿಗೆ ಕವಚದ ದಂಡ -6. ಮಿತಿ ಇತ್ತು, ಅಚ್ಚುಕಟ್ಟಾಗಿಯೇ ಇತ್ತು, ಆದರೆ ಅದು ಮೇಲುಗಡೆಯ ಮಿತಿ. ಕೆಳಗಡೆ ನೆಲವೇ ಇರಲಿಲ್ಲ.

5ನೇ ಆವೃತ್ತಿ ಇದಕ್ಕೆ ಕಂಡುಕೊಂಡ ಉಪಾಯ ಪ್ರೊಫಿಷಿಯನ್ಸಿಯನ್ನು +2ರಿಂದ +6ರೊಳಗೆ, ಮಾಮೂಲಿ ಕ್ಯಾರೆಕ್ಟರಿನ ಗುಣಾಂಕವನ್ನು 20ರೊಳಗೆ ಕಟ್ಟಿಹಾಕುವುದು. ಎಕ್ಸ್‌ಪರ್ಟೀಸ್ ಇದ್ದವನ ತುದಿ 17ನೇ ಲೆವೆಲ್‌ನಲ್ಲಿ +17. ಪಕ್ಕದಲ್ಲಿ -1 ಇದ್ದರೂ ಅಂತರ 18. ಅಂಚಿನಲ್ಲಿದೆ, ಆದರೂ ಒಳಗಿದೆ. ಹಾಗಾಗಿ ಈ ಆವೃತ್ತಿಯಲ್ಲಿ ಬರೀ ಶೀಟಿನ ಅಂಕಿಯಿಂದಲೇ ಟೇಬಲ್ ಮುರಿಯಿತು ಅಂತ ಯಾರಾದರೂ ಅಂದರೆ ನಾನು ಮೊದಲು ನಂಬುವುದಿಲ್ಲ, ಹಾಳೆ ಕೇಳುತ್ತೇನೆ.

ಶೀಟಿನಲ್ಲಿ ಇಲ್ಲದ ಬೋನಸ್

ಶೀಟ್ ಸರಿಯಿದೆ, ಡಿಸಿಯೂ ಪುಸ್ತಕದ್ದೇ, ಆದರೂ ಬಾರ್ಡ್ (ಹಾಡುಗಾರ, ಮಾತುಗಾರ) ಸೋಲುತ್ತಿಲ್ಲ ಅಂದರೆ ಅಕ್ಕಪಕ್ಕದವರ ಕೈ ನೋಡಿ. ಐದನೇ ಲೆವೆಲ್‌ನ ಬಾರ್ಡ್, ಪರ್ಸುವೇಶನ್ (ಮಾತಿನಿಂದ ಒಪ್ಪಿಸುವ ಸ್ಕಿಲ್) +10, ಡಿಸಿ 20. ಒಬ್ಬನೇ ಮಾತಾಡಿದರೆ ಗೆಲುವು 55%. ಗೆಳೆಯನೊಬ್ಬ ಹೆಲ್ಪ್ ಮಾಡಿ ಅಡ್ವಾಂಟೇಜ್ (ಎರಡು ದಾಳದಲ್ಲಿ ಹೆಚ್ಚು ಬಿದ್ದದ್ದು) ಕೊಟ್ಟರೆ 80%. ಅದರ ಮೇಲೆ ಕ್ಲೆರಿಕ್ ಹೆಗಲು ಮುಟ್ಟಿ 'ಗೈಡೆನ್ಸ್' ಅಂದು ಒಂದು ಡಿ4 (ನಾಲ್ಕು ಮುಖದ ದಾಳ) ಸೇರಿಸಿದರೆ 89%. ಖರ್ಚು ಏನು? ಏನೂ ಇಲ್ಲ. ಗೈಡೆನ್ಸ್ ಕ್ಯಾಂಟ್ರಿಪ್, ದಿನವಿಡೀ ಹಾಕಬಹುದು, ಹೆಲ್ಪ್ ಬರೀ ಬಾಯಿಮಾತು.

ಇಲ್ಲಿಯೂ ಕತ್ತರಿ ಬೇಡ, ಕಥೆ ಸಾಕು. ಗೈಡೆನ್ಸ್ ಮಂತ್ರ. ಬಾಯಲ್ಲಿ ಪಠಿಸಬೇಕು, ಕೈ ಆಡಿಸಬೇಕು. ಸುಂಕದ ಅಧಿಕಾರಿಯ ಎದುರು ನಿಂತು, ಅವನ ಜೊತೆ ಮಾತಾಡುತ್ತಿರುವ ಗೆಳೆಯನ ಮೇಲೆ ಮಂತ್ರ ಹಾಕಿದರೆ ಅವನು ಸುಮ್ಮನಿರುತ್ತಾನಾ? ಕತ್ತಿಗೆ ಕೈ ಹಾಕುತ್ತಾನೆ. ಹೆಲ್ಪ್ ಮಾಡುವವರನ್ನು ನಾನು ಕೇಳುವ ಪ್ರಶ್ನೆ ಒಂದೇ: "ಸರಿ, ನೀನು ಏನು ಹೇಳ್ತೀಯ?" ಉತ್ತರ ಬಂದರೆ ಅಡ್ವಾಂಟೇಜ್. "ಸುಮ್ನೆ ಹೆಲ್ಪ್ ಮಾಡ್ತೀನಿ ಮಗಾ" ಅಂದರೆ ಇಲ್ಲ. ಇಷ್ಟರಲ್ಲೇ ಅರ್ಧ ದೂರು ತಣ್ಣಗಾಗುತ್ತದೆ.

ಸಾಮಾಜಿಕ ಸ್ಕಿಲ್‌ಗಳಲ್ಲಿ ಇನ್ನೊಂದು ಹಳೆಯ ರೋಗವಿದೆ. 2003ರ ನಿಯಮದಲ್ಲಿ ಡಿಪ್ಲೊಮಸಿಗೆ ಸ್ಥಿರ ಅಂಕಿಗಳಿದ್ದವು: ಕಡುದ್ವೇಷಿಯನ್ನು ತಟಸ್ಥನನ್ನಾಗಿಸಲು 25. ಆರನೇ ಲೆವೆಲ್‌ನ ಹಾಫ್-ಎಲ್ಫ್‌ಗೆ 9 ರ್‍ಯಾಂಕ್, ಕ್ಯಾರಿಸ್ಮಾ 3, ಮೂರು ಪೂರಕ ಸ್ಕಿಲ್‌ಗಳಿಂದ ತಲಾ 2, ಕುಲದಿಂದ 2, ಒಟ್ಟು +20. ಐದು ಬಿದ್ದರೆ ಸಾಕು, ಕೊಲ್ಲಲು ಬಂದವನು ಒಂದೇ ನಿಮಿಷದಲ್ಲಿ ಕತ್ತಿ ಇಳಿಸುತ್ತಾನೆ. ಅಂಕಿ ಎಷ್ಟಿದೆ ಅನ್ನುವುದಕ್ಕಿಂತ ಆ ಅಂಕಿ ಏನನ್ನು ಕೊಳ್ಳಬಹುದು ಅನ್ನುವುದೇ ಅಲ್ಲಿ ಕೆಟ್ಟಿದ್ದುದು. ನಿಮ್ಮ ಬಾರ್ಡ್ 28 ತೆಗೆದ ಮಾತ್ರಕ್ಕೆ ರಾಜ ಕಿರೀಟ ಬಿಚ್ಚಿಕೊಡಬೇಕಿಲ್ಲ. 28 ಬಿದ್ದರೆ ರಾಜ ನಕ್ಕು, ತಮಾಷೆ ಅಂದುಕೊಂಡು, ಸೆರೆಗೆ ಹಾಕದೆ ಬಿಡುತ್ತಾನೆ. ಆ ಜಾಗದಲ್ಲಿ ಅದೇ ದೊಡ್ಡ ಗೆಲುವು. ದಾಳ ಹಾಕಿಸುವ ಮುಂಚೆಯೇ ಅತಿ ಒಳ್ಳೆಯ ಫಲ ಏನು ಅಂತ ನಿಮಗೆ ಗೊತ್ತಿರಲಿ. ಗೆದ್ದರೂ ಸೋತರೂ ಏನೂ ಬದಲಾಗದಿದ್ದರೆ ದಾಳ ಹಾಕಿಸಲೇಬೇಡಿ.

"ನಾನೂ ಒಂದ್ಸಲ ನೋಡ್ತೀನಿ"

ಬೇಗ ಮುಗಿಯುವ ವಿಷಯ. ಶಾಸನ ಓದಲು ವಿಝರ್ಡ್ ಸೋತ. ಆಮೇಲೆ ಒಬ್ಬೊಬ್ಬರಾಗಿ ಐವರೂ ದಾಳ ಹಾಕಿದರು. ತಲಾ 30% ಇದ್ದರೂ ಐವರಲ್ಲಿ ಒಬ್ಬರಾದರೂ ಗೆಲ್ಲುವ ಸಂಭವ 83%. ವಿಝರ್ಡ್‌ನ ವರ್ಷಗಟ್ಟಲೆ ಓದಿಗೆ ಬೆಲೆ ಇಲ್ಲದಂತಾಯಿತು. ಇಲ್ಲಿ ಕೆಟ್ಟಿರುವುದು ನೆಲ, ಮೇಲಿನ ಮಿತಿಯಲ್ಲ. ಆ ಸ್ಕಿಲ್‌ನಲ್ಲಿ ಪ್ರೊಫಿಷಿಯನ್ಸಿ ಇದ್ದವರಿಗಷ್ಟೇ ದಾಳ ಕೊಡಿ. ಇಲ್ಲವೇ ಒಬ್ಬರು ಮುಖ್ಯ, ಒಬ್ಬರು ಹೆಲ್ಪ್, ಒಂದೇ ಸಲ ಅನ್ನಿ. 20 ಬಿದ್ದರೆ ಏನು ಬೇಕಾದರೂ ಆಗುತ್ತದೆ ಅನ್ನುವ ನಂಬಿಕೆಯನ್ನೂ ಇದೇ ಹೊತ್ತಿನಲ್ಲಿ ಬಿಡಿ. ಆ ನಿಯಮ ದಾಳಿಯ ದಾಳಕ್ಕೆ ಮಾತ್ರ, ಸ್ಕಿಲ್‌ಗೆ ಇಲ್ಲ.

ದಾಳವೇ ಬೀಳದ ಕಡೆ

ತಂಡ ಬೀಳಲಿ ಅಂತ ತೋಡಿಟ್ಟ ಗುಂಡಿಗಳು ಒಂದೂ ಕೆಲಸ ಮಾಡುತ್ತಿಲ್ಲವೇ? ಪ್ಯಾಸಿವ್ ಪರ್ಸೆಪ್ಷನ್ ಕೂಡಿಸಿ ನೋಡಿ. ಐದನೇ ಲೆವೆಲ್‌ನ ಕ್ಲೆರಿಕ್: 10, ವಿಸ್ಡಮ್‌ನಿಂದ 4, ಪ್ರೊಫಿಷಿಯನ್ಸಿ 3, 2014ರ ಅಬ್ಸರ್ವಂಟ್ ಫೀಟ್‌ನಿಂದ (ವಿಶೇಷ ಗುಣದಿಂದ) 5, ಒಟ್ಟು 22. ನಿಮ್ಮ ಗುಂಡಿಗಳ ಡಿಸಿ 15. ದಾಳ ಮುಟ್ಟದೆಯೇ ಎಲ್ಲವೂ ಕಾಣುತ್ತದೆ. ಇದಕ್ಕೂ ಡಿಸಿ ಏರಿಸಬೇಡಿ, ಗುಂಡಿ ಕಾಣಲಿ ಬಿಡಿ. ಕಂಡ ಗುಂಡಿಯನ್ನು ದಾಟುವುದು ಹೇಗೆ ಅನ್ನುವುದು ಕಾಣದ ಗುಂಡಿಗಿಂತ ಒಳ್ಳೆಯ ಆಟ. ಮಸುಕು ಬೆಳಕಿನಲ್ಲಿ ಪ್ಯಾಸಿವ್‌ನಿಂದ 5 ಕಳೆಯಬೇಕು ಅನ್ನುವುದನ್ನು ಬಹಳ ಡಿಎಂಗಳು ಮರೆಯುತ್ತಾರೆ. ಡಾರ್ಕ್‌ವಿಷನ್ (ಕತ್ತಲಲ್ಲಿ ಕಾಣುವ ಶಕ್ತಿ) ಇದ್ದವರಿಗೂ ಪೂರ್ತಿ ಕತ್ತಲು ಮಸುಕು ಬೆಳಕಿನ ಲೆಕ್ಕವೇ.

ದೋಷವಲ್ಲದ್ದು

ರೋಗ್‌ಗೆ 11ನೇ ಲೆವೆಲ್‌ನಲ್ಲಿ 'ರಿಲಯಬಲ್ ಟ್ಯಾಲೆಂಟ್' ಬರುತ್ತದೆ: ಪ್ರೊಫಿಷಿಯನ್ಸಿ ಇರುವ ಸ್ಕಿಲ್‌ನಲ್ಲಿ ದಾಳ 9 ಅಥವಾ ಕಡಿಮೆ ಬಿದ್ದರೆ 10 ಅಂತ ಎಣಿಸಬೇಕು. +13 ಇದ್ದವನ ಕನಿಷ್ಠ 23. 2024ರ ಪುಸ್ತಕ ಇದನ್ನು ಏಳನೇ ಲೆವೆಲ್‌ಗೇ ತಂದಿದೆ. ಡೆಕ್ಸ್ 18 ಇದ್ದರೂ ಆಗ ಕನಿಷ್ಠ 20. ಇದನ್ನು ಕಂಡು ಗಾಬರಿಯಾಗಿ ತೆಗೆದುಹಾಕುವವರು ಇದ್ದಾರೆ, ನನಗೆ ಒಪ್ಪಿಗೆಯಿಲ್ಲ. ಅವನಿಗೆ ಇನ್ನು ಸಾದಾ ಬೀಗಕ್ಕೆ ದಾಳ ಕೊಡಬೇಡಿ, "ತೆರೆದೆ" ಅನ್ನಿ, ಮುಂದಕ್ಕೆ ಹೋಗಿ. ಉಳಿದ ಸಮಯವನ್ನು ಬಾಗಿಲ ಹಿಂದೆ ಇರುವುದಕ್ಕೆ ಕೊಡಿ. ಮೂವತ್ತು ವರ್ಷ ಬೀಗ ರಿಪೇರಿ ಮಾಡಿದವನು ಗೋದ್ರೆಜ್ ಕಪಾಟು ತೆಗೆದರೆ ನಾವು ಉಸಿರು ಬಿಗಿಹಿಡಿದು ನೋಡುತ್ತೇವೆಯೇ?

ಇಷ್ಟೆಲ್ಲ ನೋಡಿದ ಮೇಲೂ ಮಿತಿ ಬೇಕೇ ಅಂದರೆ

ಸ್ವಂತ ನಿಯಮ ಕಟ್ಟುತ್ತಿರುವವರಿಗೆ ಇದು ನಿಜವಾದ ಪ್ರಶ್ನೆ. ನಾನು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕುತ್ತೇನೆ. ನಿಮ್ಮ ಆಟದಲ್ಲಿ 'ಕಷ್ಟ' ಅಂದರೆ 20 ಅಂದುಕೊಳ್ಳಿ. ತುದಿ ಮುಟ್ಟಿದ ಪರಿಣತ ಅದನ್ನು ನಾಲ್ಕರಲ್ಲಿ ಮೂರು ಸಲ ಗೆಲ್ಲಲಿ ಅಂದರೆ ದಾಳದಲ್ಲಿ 6 ಸಾಕಾಗಬೇಕು, ಹಾಗಾಗಿ ಮೇಲಿನ ಮಿತಿ +14. ಏನೂ ಕಲಿಯದವನು ಮಧ್ಯಮ 15ನ್ನು ನಾಲ್ಕರಲ್ಲಿ ಒಂದು ಸಲವಾದರೂ ಗೆಲ್ಲಲಿ ಅಂದರೆ 16 ಬೇಕು, ನೆಲ -1. ಅಂತರ 15, ಆಟ ನಡೆಯುತ್ತದೆ. ಮಂತ್ರ, ಸಾಮಾನು, ಗೆಳೆಯರ ಸಹಾಯ ಎಲ್ಲ ಸೇರಿಯೂ +14 ದಾಟಬಾರದೋ, ಬರೀ ಶೀಟಿನ ಅಂಕಿಗೆ ಮಾತ್ರ ಮಿತಿಯೋ ಅನ್ನುವುದನ್ನು ಮೊದಲ ದಿನವೇ ಬರೆದಿಡಿ. ಜಗಳ ಬರುವುದು ಇದೊಂದಕ್ಕೇ.

ಬೇರೆ ಆಟಗಳು ಇದನ್ನು ಹೇಗೆ ಮಾಡಿವೆ ಅಂತಲೂ ನೋಡಿ. 1978ರ ರೂನ್‌ಕ್ವೆಸ್ಟ್ ಗಟ್ಟಿ ಮಿತಿಯ ಗೋಜಿಗೆ ಹೋಗದೆ ಕಲಿಕೆಯನ್ನೇ ನಿಧಾನ ಮಾಡಿತು. ಬಳಸಿದ ಸ್ಕಿಲ್ ಏರಬೇಕಾದರೆ ಈಗ ಇರುವ ಶೇಕಡಾಕ್ಕಿಂತ ಹೆಚ್ಚು ದಾಳ ಬೀಳಬೇಕು. 30 ಇದ್ದವನಿಗೆ ಅದು ಸಲೀಸು, 90 ಇದ್ದವನಿಗೆ ಹತ್ತರಲ್ಲಿ ಒಂದು ಸಲ. ಕಲಿತಷ್ಟೂ ಕಲಿಯುವುದು ಕಷ್ಟ. ಇದಕ್ಕಿಂತ ಸಹಜವಾದ ಮಿತಿಯನ್ನು ನಾನು ಕಂಡಿಲ್ಲ. ಕಾಲ್ ಆಫ್ ಕ್ಥುಲ್ಹು (1981) ಕೂಡ ಇದೇ ದಾರಿ. ಪಾತ್‌ಫೈಂಡರ್‌ನ 2ನೇ ಆವೃತ್ತಿ (2019) ಲೆವೆಲನ್ನೇ ಬೋನಸ್ಸಿಗೆ ಸೇರಿಸುತ್ತದೆ. 15ನೇ ಲೆವೆಲ್‌ನಲ್ಲಿ ಲೆಜೆಂಡರಿ (ಪರಿಣತಿಯ ತುದಿ) ಆದವನಿಗೆ 23, ಬರೀ ಕಲಿತವನಿಗೆ 17, ಕಲಿಯದವನಿಗೆ ಸೊನ್ನೆ. ಆ ಸೊನ್ನೆಯ ಅಪಾಯ ಗೊತ್ತಿದ್ದೇ ಅವರು 'ಫಾಲೋ ದಿ ಎಕ್ಸ್‌ಪರ್ಟ್' ಇಟ್ಟಿದ್ದಾರೆ. ಪರಿಣತನ ಹಿಂದೆ ನಡೆಯುವ ಕಲಿಯದವನೂ ತನ್ನ ಲೆವೆಲ್ ಕೂಡಿಸಿಕೊಳ್ಳಬಹುದು, ಮೇಲೆ ಎರಡರಿಂದ ನಾಲ್ಕು ಅಂಕ. ಮೇಲಿನವನನ್ನು ಇಳಿಸಲಿಲ್ಲ, ಕೆಳಗಿನವನಿಗೆ ಏಣಿ ಕೊಟ್ಟರು.

ಆಟ ನಡೆಯುತ್ತಿರುವಾಗ ಶೀಟ್ ತಿದ್ದುವುದಾದರೆ ಸೆಷನ್ ಮಧ್ಯೆ ಬೇಡ. ಆ ಆಟಗಾರನನ್ನು ಪಕ್ಕಕ್ಕೆ ಕರೆದು ಹಾಳೆ ತೋರಿಸಿ. ಕಳೆಯುವುದಕ್ಕೆ ಬದಲಾಗಿ ಇನ್ನೊಂದು ಸ್ಕಿಲ್‌ನಲ್ಲಿ ಪ್ರೊಫಿಷಿಯನ್ಸಿ ಕೊಡಿ. ನಮ್ಮ ಟೇಬಲಲ್ಲಿ ಅಷ್ಟಕ್ಕೆ ಹೋಗಬೇಕಾಗಲಿಲ್ಲ. ಗಾರ್ಡ್ 22ರಿಂದ 12ಕ್ಕೆ ಇಳಿದ, ಗ್ರೂಪ್ ಚೆಕ್ ಬಂತು. ಮುಂದಿನ ಸಲ ಫೈಟರ್ ಆಡುವವನೇ, "ಕವಚ ಬಿಚ್ಚಿಟ್ಟು ಬಂದ್ರೆ ಡಿಸ್‌ಅಡ್ವಾಂಟೇಜ್ ಹೋಗುತ್ತಲ್ವಾ?" ಅಂದ. ಹೋಗುತ್ತದೆ. 12ಕ್ಕೆ ಅವನ ಗೆಲುವು 45%. ಬಿದ್ದದ್ದು 3. ಮೂವರು ಗೆದ್ದಿದ್ದರಿಂದ ತಂಡ ಪಾರಾಯಿತು, ಅವನು ಮಾತ್ರ ಗೋಣಿಚೀಲಗಳ ಮಧ್ಯೆ ಎಡವಿದ. ಕವಚವಿಲ್ಲದೆ ಗೋದಾಮಿನೊಳಗೆ ಸಿಕ್ಕಿಕೊಂಡ ಫೈಟರನ್ನು ಹೊರಗೆ ತರುವುದರಲ್ಲೇ ಆ ರಾತ್ರಿ ಹನ್ನೊಂದೂವರೆ ಆಯಿತು.